ಬ್ರೆಜ್ನಿಕದ ಕೆಂಪು ಚುಕ್ಕೆ

ಧಣಿ ರಾದಿಸಾವ್ ಕಾಡುಹಂದಿ ಬೇಟೆಗೆ ಹೋದವನು ಹಂದಿಯ ಬದಲು ಹೊಟ್ಟೆಕಿಚ್ಚನ್ನು ಹೊತ್ತುಕೊಂಡು ಬಂದ. ಜೊತೆಯಲ್ಲಿ ಬೇಟೆಯಾಡುವ ಸಾಸೇಜ್ ಕಾರ್ಖಾನೆಯ ಮಾಲೀಕ ತನ್ನ ಕಚೇರಿಯಲ್ಲಿ ಗೋಡೆಯಷ್ಟಗಲದ ಕಂಪ್ಯೂಟರ್ ತೆರೆಯೊಂದನ್ನು ಹಾಕಿಸಿದ್ದ. ಅದರಲ್ಲಿ ಇಡೀ ಸರ್ಬಿಯಾದ ನಕ್ಷೆ. ವ್ಯಾಪಾರ ಏರಿದ ಊರು ಹಸಿರು, ಇಳಿದ ಊರು ಕೆಂಪು. ಊರಿನ ಮೇಲೆ ಬೆರಳಿಟ್ಟರೆ ಅಂಗಡಿ ಅಂಗಡಿಯ ಲೆಕ್ಕ ಎದ್ದು ನಿಲ್ಲುತ್ತಿತ್ತು. ಇಷ್ಟು ವರ್ಷ ಡೈರಿ ನಡೆಸಿದರೂ ರಾದಿಸಾವ್‌ನ ಕಚೇರಿಯ ಗೋಡೆಯ ಮೇಲಿದ್ದದ್ದು ಅವನ ತಾಯಿ ಸ್ತಾಮೆನಳ ಫೋಟೊ ಮತ್ತು ಒಂದು ಜಿಂಕೆಯ ಕೊಂಬು. ಡೈರಿಯ ಹೆಸರೂ ತಾಯಿಯದೇ.

"ಸಾಸೇಜ್ ತುಂಬೋನ ಹತ್ರ ಅಂಥದ್ದಿದೆ. ಹಾಲು ಕಾಯಿಸೋ ನಾನೇನು ಅವನಿಗಿಂತ ಕಡಿಮೆನಾ?" ಎಂದು ಸೋಮವಾರ ಬೆಳಿಗ್ಗೆಯೇ ಸ್ಮಿಲ್ಯಾಳ ಮೇಜಿನ ಮುಂದೆ ಬಂದು ನಿಂತ. "ಒಳ್ಳೇದೊಂದನ್ನ ಆರಿಸು. ಲೆಕ್ಕದ ವಿಷಯ ನಿಂಗೆ ಗೊತ್ತಾಗತ್ತೆ."

ಸ್ಮಿಲ್ಯಾಳಿಗೆ ಗೊತ್ತಾಗುತ್ತಿತ್ತು ನಿಜ. ಯಾವ ಡಿಪೋಗೆ ಎಷ್ಟು ಮೊಸರು ಹೋಯಿತು, ಎಷ್ಟು ಚೀಸ್ ಮಾರಾಟವಾಗದೆ ವಾಪಸು ಬಂತು ಎಂದು ವಾರವಾರವೂ ಲೆಕ್ಕ ಹಾಕಿ ಧಣಿಯ ಮುಂದಿಡುವವಳು ಅವಳೇ. ಧಣಿ ಅದನ್ನು ಮೇಲಿಂದ ಕೆಳಕ್ಕೊಮ್ಮೆ ನೋಡಿ, "ಒಟ್ನಲ್ಲಿ ಹೆಂಗಿದೆ?" ಎನ್ನುತ್ತಿದ್ದ. ಅವಳು "ಪರವಾಗಿಲ್ಲ" ಎನ್ನುತ್ತಿದ್ದಳು. ಹೀಗೆ ಎರಡು ಮಾತಿನಲ್ಲಿ ಕಂಪನಿ ಚೆನ್ನಾಗಿಯೇ ನಡೆದಿತ್ತು. ಈಗ ಆ ಎರಡು ಮಾತಿನ ಜಾಗಕ್ಕೆ ಗೋಡೆಯಗಲದ ತೆರೆ ಬೇಕಾಗಿತ್ತು.

ತೆರೆ ಮಾರಲು ಬಂದ ಕಂಪನಿಗಳನ್ನೆಲ್ಲ ಜರಡಿ ಹಿಡಿದ ಮೇಲೆ ಎರಡು ಉಳಿದವು. ಒಂದು ವಿಯೆನ್ನಾದ್ದು, ಇನ್ನೊಂದು ನೀಶ್ ಪಟ್ಟಣದ ಇಬ್ಬರು ಅಣ್ಣತಮ್ಮಂದಿರು ಮಾಡಿದ್ದು. ಇಬ್ಬರಿಗೂ ಸ್ಮಿಲ್ಯಾ ಬೇಕಾದಷ್ಟು ಪ್ರಶ್ನೆ ಕೇಳಿದಳು. ಆದರೆ ಅವಳ ನಿಜವಾದ ಷರತ್ತು ಒಂದೇ ಆಗಿತ್ತು: ಲೆಕ್ಕವನ್ನು ಈಸ್ಟರ್‌ನಿಂದ ಹಾಕಲು ಬರುತ್ತದೆಯೇ?

ಹಾಲಿನ ವ್ಯಾಪಾರದವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ವಾರಗಳಲ್ಲಿ ಜನ ಮಾಂಸ ಬಿಡುವುದಷ್ಟೇ ಅಲ್ಲ, ಹಾಲು, ಮೊಸರು, ಚೀಸ್ ಯಾವುದನ್ನೂ ಮುಟ್ಟುವುದಿಲ್ಲ. ಈಸ್ಟರ್ ಬಂತೆಂದರೆ ಅಷ್ಟೂ ದಿನದ ಆಸೆಯನ್ನು ಒಂದೇ ಸಲ ತೀರಿಸಿಕೊಳ್ಳುತ್ತಾರೆ. ಆ ಹಬ್ಬವೋ ಒಂದು ವರ್ಷ ಏಪ್ರಿಲ್ ನಡುವೆ ಬರುತ್ತದೆ, ಇನ್ನೊಂದು ವರ್ಷ ಮೇ ತಿಂಗಳಿಗೆ ಜಾರುತ್ತದೆ. ಅದು ಜಾರಿದ ವರ್ಷ ಈ ಏಪ್ರಿಲನ್ನು ಹೋದ ಏಪ್ರಿಲ್ ಜೊತೆ ಹೋಲಿಸಿದರೆ ಹಬ್ಬದೂಟವನ್ನು ಉಪವಾಸದ ಜೊತೆ ಹೋಲಿಸಿದಂತೆ. ಅದಕ್ಕೇ ಸ್ಮಿಲ್ಯಾ ತನ್ನ ಲೆಕ್ಕದಲ್ಲಿ ತಿಂಗಳನ್ನು ನೋಡುತ್ತಲೇ ಇರಲಿಲ್ಲ. ಉಪವಾಸದ ವಾರದ ಎದುರು ಉಪವಾಸದ ವಾರವನ್ನೇ ಇಡುತ್ತಿದ್ದಳು.

ಇದು ಎಲ್ಲ ಡಿಪೋಗಳಿಗೂ ಅಷ್ಟಾಗಿ ತಾಗುತ್ತಿರಲಿಲ್ಲ. ದೊಡ್ಡ ಪಟ್ಟಣಗಳಲ್ಲಿ ಉಪವಾಸ ಮಾಡುವುದು ಅಜ್ಜಿಯರು ಮಾತ್ರ. ಆದರೆ ಗುಡ್ಡದ ಮೇಲೆ, ಮಠದ ಬುಡದಲ್ಲಿರುವ ಬ್ರೆಜ್ನಿಕದಲ್ಲಿ ಕ್ಷೌರಿಕನಿಂದ ಹಿಡಿದು ಪೊಲೀಸಿನವನವರೆಗೆ ಎಲ್ಲರೂ ಉಪವಾಸವೇ. ಅಲ್ಲಿನ ಡಿಪೋ ಆ ವಾರಗಳಲ್ಲಿ ನೊಣ ಹೊಡೆಯುತ್ತ ಕೂರುತ್ತಿತ್ತು. ಹಬ್ಬ ಬಂದೊಡನೆ ಬಾಗಿಲು ಮುರಿಯುವಷ್ಟು ಜನ. ವರ್ಷದ ಕೊನೆಗೆ ನೋಡಿದರೆ ಲಾಭದಲ್ಲಿ ಬ್ರೆಜ್ನಿಕ ಮೊದಲ ಸಾಲಿನಲ್ಲೇ ಇರುತ್ತಿತ್ತು.

ಆ ಡಿಪೋ ನೋಡಿಕೊಳ್ಳುವವನು ವಿತೊಮಿರ್. ಸ್ಮಿಲ್ಯಾಳಿಗೆ ಅವನು ಕುಮ್. ಅವಳ ಮದುವೆಯಲ್ಲಿ ಪಕ್ಕದಲ್ಲಿ ನಿಂತು ದೇವರ ಮುಂದೆ ಸಾಕ್ಷಿಯಾದವನು, ಅವಳ ಮಗಳು ನೆವೆನಳನ್ನು ದೀಕ್ಷಾಸ್ನಾನದ ನೀರಿನ ಬಳಿ ಎತ್ತಿಕೊಂಡವನು. ಒಡಹುಟ್ಟಿದ ಅಣ್ಣನ ಜೊತೆ ಜಗಳವಾಡಿ ಮಾತು ಬಿಡಬಹುದು, ಕುಮ್ ಜೊತೆ ಬಿಡುವಂತಿಲ್ಲ. ಗಂಡ ಸತ್ತ ಮೇಲೆ ಪ್ರತಿ ಚಳಿಗಾಲಕ್ಕೂ ಸ್ಮಿಲ್ಯಾಳ ಮನೆಗೆ ಸೌದೆ ಬರುತ್ತಿದ್ದದ್ದು ವಿತೊಮಿರ್‌ನ ಗಾಡಿಯಲ್ಲೇ. ಅವನಿಗೊಂದು ದಿನವೂ ಆಕೆ ಧನ್ಯವಾದ ಹೇಳಿರಲಿಲ್ಲ. ಕುಮ್‌ಗೆ ಯಾರೂ ಹಾಗೆ ಹೇಳುವುದಿಲ್ಲ.

ನೀಶ್‌ನ ಅಣ್ಣತಮ್ಮಂದಿರ ತೆರೆ ನೋಡಲು ಸರ್ಕಾರಿ ಆಸ್ಪತ್ರೆಯ ಗೋಡೆಯ ಹಾಗಿತ್ತು. ಆದರೆ ಈಸ್ಟರ್ ವಿಷಯ ಎತ್ತಿದಾಗ ದೊಡ್ಡವನು ನಕ್ಕುಬಿಟ್ಟ. "ಅಕ್ಕಾ, ಉಪವಾಸ ಬಂದ್ರೆ ನಮ್ಮಮ್ಮ ಮೊಸರಿನ ಡಬ್ಬಾನ ಕಣ್ಣಿಗೆ ಬೀಳದ ಹಾಗೆ ಎತ್ತಿಡ್ತಾಳೆ. ನಮಗಿದು ಗೊತ್ತಿರಲ್ವಾ?" ಎಂದವನು ವಾರ ಕಳೆಯುವುದರೊಳಗೆ ಮಾಡಿಕೊಟ್ಟ. ವಿಯೆನ್ನಾ ಕಂಪನಿಯ ಪರವಾಗಿ ಬೆಲ್‌ಗ್ರೇಡ್‌ನಿಂದ ಬಂದ ಉರೋಶ್ ಎಂಬ ಹುಡುಗನಿಗೆ ಅದೇ ಪ್ರಶ್ನೆ ಹಾಕಿದರೆ, "ಖಂಡಿತ ಆಗತ್ತೆ ಮೇಡಂ, ಎರಡನೇ ಹಂತದಲ್ಲಿ" ಎಂದ. ಈ ವ್ಯಾಪಾರದಲ್ಲಿ ಇಲ್ಲದ್ದೆಲ್ಲ ಎರಡನೇ ಹಂತದಲ್ಲಿರುತ್ತದೆ. ಎರಡನೇ ಹಂತವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ.

ಸ್ಮಿಲ್ಯಾ ನೀಶ್‌ನವರ ಪರವಾಗಿ ಬರೆದುಕೊಟ್ಟಳು. ಆದರೂ ಕೊನೆಯ ತೀರ್ಮಾನಕ್ಕೆ ಮುಂಚೆ ಎರಡನ್ನೂ ಧಣಿಯ ಕಣ್ಣಮುಂದೆ ಓಡಿಸಿ ತೋರಿಸಬೇಕೆಂದು ಮಿಲೆಂಕೊ ಪಟ್ಟು ಹಿಡಿದ. ಮಿಲೆಂಕೊ ಹಣಕಾಸಿನ ನಿರ್ದೇಶಕ. ನೆಂಟರು, ಬೀಗರು, ಕುಮ್‌ಗಳು ಎಂದು ನಡೆಯುತ್ತಿದ್ದ ಕಂಪನಿಯನ್ನು ಸರಿದಾರಿಗೆ ತರಲು ಕರೆಸಿಕೊಂಡಿದ್ದ ಮನುಷ್ಯ. ಒಂದಾದರೂ ಡಿಪೋ ಮುಚ್ಚದೆ ಸರಿದಾರಿ ಸಿಗುವುದಿಲ್ಲ ಎಂದು ಅವನು ಎಲ್ಲೋ ಕಲಿತು ಬಂದಿದ್ದ.

ಆ ಸಭೆ ನಡೆದದ್ದು ಏಪ್ರಿಲ್ ಕೊನೆಯಲ್ಲಿ. ಈಸ್ಟರ್ ಆ ವರ್ಷ ಮೇ ತಿಂಗಳಿಗೆ ಜಾರಿತ್ತು, ಹಾಗಾಗಿ ಉಪವಾಸ ಇನ್ನೂ ಮುಗಿದಿರಲಿಲ್ಲ. ಧಣಿಯ ಹೆಂಡತಿ ಕುಂಬಳಕಾಯಿ ಕಡುಬು, ಆಲಿವ್, ವಾಲ್‌ನಟ್ ಜೋಡಿಸಿ ಕರಿ ಕಾಫಿ ಇಟ್ಟು ಹೋದಳು. ಉರೋಶ್ ಕಾಫಿಗೆ ಸ್ವಲ್ಪ ಹಾಲು ಕೇಳಿದ್ದಕ್ಕೆ, "ಉಪವಾಸ ಅಲ್ವೇನಪ್ಪಾ, ಯಾರ ಮನೆ ಮಗ ನೀನು?" ಎಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ನೀಶ್‌ನವರ ತೆರೆಯನ್ನು ಧಣಿ ಆಕಳಿಸುತ್ತ ನೋಡಿದ. ಆಮೇಲೆ ಉರೋಶ್ ಎದ್ದ. ಅವನ ತೆರೆಯ ಮೇಲೆ ಮೊದಲು ಮೂಡಿದ್ದು ಒಂದು ವಾಕ್ಯ: ಅಂಕಿಗಳಿಗೆ ನೆಂಟರಿಲ್ಲ. ಮಿಲೆಂಕೊ ಮೇಜು ಕುಟ್ಟಿ ಮೆಚ್ಚಿದ. ಆಮೇಲೆ ನಕ್ಷೆ ಬಂತು. ಗುಡ್ಡ, ನದಿ, ರಸ್ತೆ ಎಲ್ಲವೂ ಹೊಳೆಯುತ್ತಿದ್ದವು. ಡಿಪೋಗಳು ಒಂದೊಂದಾಗಿ ಬಣ್ಣ ತಳೆದವು, ಕೆಲವು ಹಸಿರು, ಹೆಚ್ಚಿನವು ತೆಳು ಹಳದಿ. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಕುಂಕುಮದಷ್ಟು ಕೆಂಪಾದ ಒಂದು ಚುಕ್ಕೆ ಮಿನುಗತೊಡಗಿತು.

"ಅದೇನದು?" ಎಂದು ಧಣಿ ಕುರ್ಚಿ ಬಿಟ್ಟೆದ್ದ.

"ಬ್ರೆಜ್ನಿಕ ಸರ್. ಹೋದ ಏಪ್ರಿಲ್‌ಗೆ ಹೋಲಿಸಿದ್ರೆ ಅರ್ಧಕ್ಕರ್ಧ ಇಳಿದಿದೆ," ಎಂದ ಉರೋಶ್. ಅವನ ದನಿಯಲ್ಲಿ ಗಣಿಯಲ್ಲಿ ಚಿನ್ನ ಕಂಡವನ ಖುಷಿಯಿತ್ತು.

"ಅರ್ಧಕ್ಕರ್ಧಾನಾ! ಇಷ್ಟು ದಿನ ಇದು ನನ್ನ ಕಣ್ಣಿಗೇ ಬೀಳ್ಲಿಲ್ವಲ್ಲ!"

"ಬೀಳೋದಕ್ಕೆ ಏನೂ ಇಲ್ಲ ಧಣಿ," ಎಂದಳು ಸ್ಮಿಲ್ಯಾ. "ಹೋದ ವರ್ಷ ಏಪ್ರಿಲ್ ನಡುವೆನೇ ಹಬ್ಬ ಆಗೋಯ್ತು. ಈ ವರ್ಷ ಇನ್ನೂ ಆಗಿಲ್ಲ. ಊರಿಗೆ ಊರೇ ಉಪವಾಸ ಇರೋ ಜಾಗ ಅದು. ಉಪವಾಸದ ವಾರಕ್ಕೆ ಉಪವಾಸದ ವಾರ ಇಟ್ಟು ನೋಡಿದ್ರೆ ಹೋದ ವರ್ಷಕ್ಕಿಂತ ಸ್ವಲ್ಪ ಜಾಸ್ತೀನೇ ಇದೆ."

"ಉಪವಾಸ ನಾನೂ ಮಾಡ್ತೀನಮ್ಮ. ಅದಕ್ಕೇ ಕಂಪನಿ ಅರ್ಧ ಮುಳುಗತ್ತಾ?"

"ಈ ಮೇಜು ನೋಡಿ ಧಣಿ. ಡೈರಿ ನಮ್ದು, ಕೆಳಗಡೆ ತೊಟ್ಟಿಗಟ್ಲೆ ಹಾಲಿದೆ. ಬಂದ ಅತಿಥಿ ಕಾಫಿಗೆ ಒಂದು ಚಮಚ ಕೇಳಿದ್ರೆ ನಮ್ಮ ಅಮ್ಮಾವ್ರು ಕೊಡ್ಲಿಲ್ಲ. ಬ್ರೆಜ್ನಿಕದಲ್ಲಿ ಮನೆಮನೇಲೂ ಒಬ್ಬೊಬ್ಬ ಅಮ್ಮಾವ್ರಿದ್ದಾರೆ."

ಧಣಿ ಮೇಜನ್ನು ನೋಡಿದ, ಉರೋಶ್‌ನ ಕರಿ ಕಾಫಿ ನೋಡಿದ, ಹೊಟ್ಟೆ ಕುಲುಕಿಸಿ ನಕ್ಕ. "ಇದು ಮಾತು! ಏಯ್ ಹುಡುಗಾ, ನಿನ್ನ ಮೆಷಿನ್‌ಗೆ ನನ್ನ ಹೆಂಡ್ತಿ ಪರಿಚಯ ಇಲ್ಲ ಅಂತ ಕಾಣತ್ತೆ!" ಎಂದ. ನೀಶ್‌ನ ಅಣ್ಣತಮ್ಮಂದಿರೂ ನಕ್ಕರು. ಸ್ಮಿಲ್ಯಾಳ ಎದೆ ಹಗುರವಾಯಿತು. ಗೆದ್ದೆ ಎಂದುಕೊಂಡಳು.

ಆಗ ಮಿಲೆಂಕೊ ಪೆನ್ನಿನ ತುದಿ ನೋಡುತ್ತ, ಬಲು ಮೆತ್ತಗೆ ಕೇಳಿದ: "ಅಲ್ಲಿನ ವಿತೊಮಿರ್ ನಿಮ್ಮ ಕುಮ್ ಅಲ್ವಾ ಸ್ಮಿಲ್ಯಾ ಅವರೇ?"

ನಗು ನಿಂತಿತು. ಉರೋಶ್‌ನ ತುಟಿಯಂಚು ಸ್ವಲ್ಪ ಮೇಲೆ ಹೋಯಿತು. ಸ್ಮಿಲ್ಯಾಳಿಗೆ ಒಂದು ಕ್ಷಣದಲ್ಲಿ ಎಲ್ಲವೂ ಕಂಡಿತು. ಹೌದು ಎಂದರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಕುಮ್‌ನ ವಕಾಲತ್ತಾಗುತ್ತದೆ. ಈಸ್ಟರ್ ನೆಪವಾಗುತ್ತದೆ, ಉಪವಾಸ ಸಬೂಬಾಗುತ್ತದೆ, ಇಷ್ಟು ವರ್ಷ ಹಾಕಿದ ಲೆಕ್ಕವೇ ಅನುಮಾನಕ್ಕೆ ಬೀಳುತ್ತದೆ. ಅಲ್ಲ ಎಂದರೆ ಮಾತು ನಿಲ್ಲುತ್ತದೆ, ಡಿಪೋ ಉಳಿಯುತ್ತದೆ, ವಿತೊಮಿರ್ ಉಳಿಯುತ್ತಾನೆ.

"ಅಲ್ಲ," ಎಂದಳು. "ಕುಮ್ ಗಿಮ್ ಏನಿಲ್ಲ. ಕೆಲಸದಲ್ಲಿ ಪರಿಚಯ, ಅಷ್ಟೇ."

"ಓಹೋ, ನಾನೇ ತಪ್ಪು ತಿಳ್ಕೊಂಡಿದ್ದೆ," ಎಂದ ಮಿಲೆಂಕೊ.

ಧಣಿ ಮಾತ್ರ ದೊಡ್ಡದೊಂದು ಉಸಿರು ಬಿಟ್ಟ. ಬೆನ್ನ ಮೇಲಿನ ಮೂಟೆ ಇಳಿಸಿದವನ ಹಾಗೆ ಕಂಡ. "ಸದ್ಯ! ಅವ್ನು ನಿನ್ನ ಕುಮ್ ಅಂತಲೇ ನಾನೂ ತಿಳ್ಕೊಂಡು ಸುಮ್ನೆ ಕೂತಿದ್ದೆ. ಕುಮ್ ಆಗಿದ್ರೆ ನನ್ನ ಕೈ ಕಟ್ಟಿಹಾಕಿದ ಹಾಗೆ. ನಮ್ಮವರ ಕುಮ್‌ನ ಹೊಟ್ಟೆ ಮೇಲೆ ಹೊಡೆಯೋದಾ? ನಮ್ಮಮ್ಮ ಫೋಟೊದಿಂದ ಎದ್ದು ಬಂದು ಕಪಾಳಕ್ಕೆ ಹಾಕ್ತಿದ್ಲು. ಉಪವಾಸನೋ ಹಬ್ಬನೋ, ಆ ಗುಡ್ಡದ ರಸ್ತೆಗೆ ಲಾರಿ ಕಳ್ಸಿ ಕಳ್ಸಿ ನಂಗೂ ಸಾಕಾಗಿದೆ. ಯಾರಿಗೂ ಬೇಜಾರಿಲ್ಲ ಅಂದ್ಮೇಲೆ ಇನ್ನೇನು? ಆ ಡಿಪೋ ಮುಚ್ಚಿ. ಮಿಲೆಂಕೊ, ಈ ನಕ್ಷೆದನ್ನೇ ಕೊಳ್ಳೋಣ. ನೋಡು, ಬಂದ ದಿನವೇ ಕೆಲಸ ಮಾಡ್ತು!"

ಸ್ಮಿಲ್ಯಾ ಬಾಯಿ ತೆರೆದಳು. ಮಿಲೆಂಕೊ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಸತ್ಯ ಗೊತ್ತು ಎಂಬುದು ಅವನ ಕಣ್ಣಿನಲ್ಲೇ ಇತ್ತು. ಈಗ ಮಾತು ತಿರುಗಿಸಿದರೆ ಆ ಕೋಣೆಯಲ್ಲಿ ಸುಳ್ಳುಗಾತಿ ಅವಳೊಬ್ಬಳೇ. ಅವಳು ತೆರೆದ ಬಾಯಿಗೆ ಒಂದು ವಾಲ್‌ನಟ್ ಹಾಕಿಕೊಂಡು ಮುಚ್ಚಿಕೊಂಡಳು. ಜನ್ಮದಲ್ಲೇ ಅವಳು ಅದಕ್ಕಿಂತ ಕಹಿಯಾದದ್ದನ್ನು ತಿಂದಿರಲಿಲ್ಲ.

ಅಂದು ರಾತ್ರಿಯಿಡೀ ಹೊರಳಾಡಿದಳು. ತನ್ನ ಮೇಲೆಯೇ ಸಿಟ್ಟು, ನಾಚಿಕೆ. ಬೆಳಿಗ್ಗೆ ಎದ್ದವಳೇ ಚೀಸ್ ಮಾಗಿಸುವ ನೆಲಮಾಳಿಗೆಗೆ ಹೋದಳು. ಧಣಿ ಅಲ್ಲೇ ಇದ್ದ. ಉಪವಾಸವಾದ್ದರಿಂದ ಚೀಸನ್ನು ಬಾಯಿಗೆ ಹಾಕಿಕೊಳ್ಳದೆ ಒಂದೊಂದನ್ನೇ ಎತ್ತಿ ಮೂಸಿ ನೋಡಿ ಇಡುತ್ತಿದ್ದ.

"ಧಣಿ, ನಿನ್ನೆ ನಾನು ಸುಳ್ಳು ಹೇಳ್ದೆ. ವಿತೊಮಿರ್ ನನ್ನ ಕುಮ್. ಮದುವೆ ಕುಮ್, ದೀಕ್ಷೆ ಕುಮ್, ಎರಡೂ."

ಧಣಿ ಕೈಯಲ್ಲಿದ್ದ ಚೀಸನ್ನು ಹಲಗೆಯ ಮೇಲಿಟ್ಟ.

"ಹಂಗಾದ್ರೆ ನಿನ್ನೆ ಯಾಕೆ ಅಲ್ಲ ಅಂದೆ?"

"ಹೌದು ಅಂದ್ರೆ ನನ್ನ ಲೆಕ್ಕ ಯಾರೂ ನಂಬಲ್ಲ ಅನ್ನಿಸ್ತು. ಅಂಕಿಗಳಿಗೆ ನೆಂಟರಿಲ್ಲ ಅಂತ ಅಷ್ಟು ದೊಡ್ಡದಾಗಿ ಬರ್ದಿತ್ತಲ್ಲ."

"ಅದು ಆ ಹುಡುಗ ಬರ್ಕೊಂಡು ಬಂದಿದ್ದು. ನಂಗೆ ನೆಂಟರಿಲ್ಲ ಅಂತ ನಿಂಗ್ಯಾರು ಹೇಳಿದ್ದು?" ಧಣಿಯ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನಿನ್ನೆ ಒಂದೇ ಒಂದು ಸಲ ಹೌದು ಅಂದಿದ್ರೆ ಆ ಹುಡುಗನ್ನ ನಕ್ಷೆ ಸಮೇತ ಆಚೆ ಹಾಕ್ತಿದ್ದೆ. ಈಗ ಆಡಿದ ಮಾತು ಆಡಿ ಆಯ್ತು. ನೀನು ಕುಮ್‌ನ ಬಿಟ್ಟುಕೊಟ್ಟೆ ಅಂತ ನಾನು ನನ್ನ ಮಾತು ವಾಪಸ್ ತಗೊಳ್ಲಾ?"

"ಅವನ ತಪ್ಪೇನಿದೆ ಧಣಿ? ತಪ್ಪು ನಂದು. ನನ್ನ ಕೆಲಸದಿಂದ ತೆಗೀರಿ."

"ನಿನ್ನ ಯಾಕೆ ತೆಗೀಲಿ?" ಧಣಿ ಅವಳನ್ನು ಹೊಸದಾಗಿ ನೋಡುವವನಂತೆ ನೋಡಿದ. ಆ ನೋಟದಲ್ಲಿ ಅಸಹ್ಯವೂ ಇತ್ತು, ಲೆಕ್ಕಾಚಾರವೂ ಇತ್ತು. "ನನ್ನ ಮನೆ ಊಟದ ಮೇಜಿಗೆ ನಿನ್ನ ಕರಿಯಲ್ಲ, ಆ ಮಾತು ಬೇರೆ. ಆದ್ರೆ ಕುಮ್‌ನೇ ಅಲ್ಲ ಅನ್ನೋಳು ಇನ್ಯಾರ ಮುಖ ನೋಡ್ತಾಳೆ? ಆ ತೆರೆ ನೋಡ್ಕೊಳ್ಳೋಕೆ ಯಾರ ಮುಖಾನೂ ನೋಡದವರು ಬೇಕು ಅಂತ ಮಿಲೆಂಕೊ ರಾತ್ರೀನೇ ಹೇಳಿದ. ಸಂಬಳ ಜಾಸ್ತಿ ಮಾಡ್ತೀನಿ. ಹೋಗು."

ಹೀಗೆ ಸ್ಮಿಲ್ಯಾಳಿಗೆ ಬಡ್ತಿ ಸಿಕ್ಕಿತು. ಬೇಡ ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ. ಬಂದಿದ್ದರೂ ಬ್ರೆಜ್ನಿಕಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡಳು. ಇಂಥ ಸಮಾಧಾನ ನಮಗೆಲ್ಲ ಬೇಗ ಸಿಗುತ್ತದೆ.

ಹಬ್ಬಕ್ಕೆ ಎರಡು ದಿನ ಇರುವಾಗ ಡಿಪೋಗೆ ಬೀಗ ಬಿತ್ತು. ಈಸ್ಟರ್ ಮರುದಿನ ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಿಡಿದು ಸ್ಮಿಲ್ಯಾಳ ಮನೆಗೆ ತಪ್ಪದೆ ಬರುತ್ತಿದ್ದ ವಿತೊಮಿರ್ ಆ ವರ್ಷ ಬರಲಿಲ್ಲ. ಬ್ರೆಜ್ನಿಕದ ಜನ ಹಬ್ಬಕ್ಕೆ ಬೇರೆ ಡೈರಿಯ ಚೀಸ್ ಕೊಂಡರು. ಒಮ್ಮೆ ರುಚಿ ಹತ್ತಿದ ಮೇಲೆ ಅದನ್ನೇ ಹಿಡಿದುಕೊಂಡರು.

ಜೂನ್ ಮೊದಲ ವಾರ ಹೊಸ ತೆರೆಯ ಮೇಲೆ ಮೇ ತಿಂಗಳ ನಕ್ಷೆ ಮೂಡಿತು. ಎಲ್ಲಿ ನೋಡಿದರೂ ಹಸಿರು. ಹೋದ ವರ್ಷದ ಮೇ ತಿಂಗಳಲ್ಲಿ ಹಬ್ಬವಿರಲಿಲ್ಲ, ಈ ಮೇ ತಿಂಗಳಲ್ಲಿತ್ತು, ಅಷ್ಟೇ ಕಾರಣ. ಧಣಿ ಮಾತ್ರ ಕೆಲಸದವರನ್ನೆಲ್ಲ ಕರೆಸಿ ನಿಲ್ಲಿಸಿ, "ನೋಡಿದ್ರಾ? ಒಂದು ಹುಳುಕು ಹಲ್ಲು ಕಿತ್ತಿದ್ದಕ್ಕೆ ಇಡೀ ಬಾಯಿ ಸರಿ ಹೋಯ್ತು!" ಎಂದ. ಚಪ್ಪಾಳೆ ಬಿತ್ತು. ಸ್ಮಿಲ್ಯಾ ತೆರೆಯ ಪಕ್ಕದಲ್ಲೇ ನಿಂತಿದ್ದಳು. ಹಸಿರಿಗೆ ಕಾರಣ ಏನೆಂದು ಹೇಳುವುದೇ ಈಗ ಅವಳ ಸಂಬಳದ ಕೆಲಸ. "ಧಣಿ, ಹಬ್ಬ..." ಎಂದಳು. "ಇವಳೊಬ್ಳು, ಯಾವಾಗ್ಲೂ ಹಬ್ಬ," ಎಂದು ಧಣಿ ನಕ್ಕ. ಜೊತೆಗೆ ಎಲ್ಲರೂ ನಕ್ಕರು.

ಅದೇ ದಿನಗಳಲ್ಲಿ ನೆವೆನಳ ಮದುವೆ ಗೊತ್ತಾಯಿತು. ಚಳಿ ಬೀಳುವುದಕ್ಕೆ ಮುಂಚೆ ಮಾಡಬೇಕೆಂದು ಹುಡುಗನ ಮನೆಯವರ ಅವಸರ. ಕುಮ್‌ತನ ತಂದೆಯಿಂದ ಮಗನಿಗೆ ಇಳಿದು ಬರುವಂಥದ್ದು. ನೆವೆನಳ ಪಕ್ಕದಲ್ಲಿ ನಿಲ್ಲಬೇಕಾದವನು ವಿತೊಮಿರ್‌ನ ಮಗ. ಅದಕ್ಕೆ ಹೂ ಸುತ್ತಿದ ಮರದ ಕುಪ್ಪಿಯಲ್ಲಿ ಮನೆಯಲ್ಲೇ ಭಟ್ಟಿಯಿಳಿಸಿದ ಪ್ಲಮ್ ಹಣ್ಣಿನ ರಾಕಿಯಾ ತುಂಬಿ ಕೇಳಲು ಹೋಗಬೇಕು. ಅವರು ಒಂದು ಗುಟುಕು ಕುಡಿದರೆ ಒಪ್ಪಿದಂತೆ. ಹೋಗಲು ಸ್ಮಿಲ್ಯಾಳಿಗೆ ಮುಖವಿರಲಿಲ್ಲ. ಆದರೆ ಜುಲೈನಲ್ಲಿ ವಿತೊಮಿರ್‌ನ ಮನೆತನವನ್ನು ಕಾಯುವ ಸಂತನ ಹಬ್ಬ. ಇಂಥ ಹಬ್ಬಕ್ಕೆ ಯಾವ ಮನೆಯವರೂ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹಿಂದಕ್ಕೆ ಕಳಿಸುವುದೂ ಇಲ್ಲ. ಆ ಧೈರ್ಯದ ಮೇಲೆ ಕುಪ್ಪಿ ಹಿಡಿದು ಗುಡ್ಡದ ಬಸ್ಸು ಹತ್ತಿದಳು.

ವಿತೊಮಿರ್‌ನ ಹೆಂಡತಿ ಬಾಗಿಲಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ತಟ್ಟೆ ಹಿಡಿದಳು. ಎಲ್ಲರಿಗೂ ಹಿಡಿಯುವ ಹಾಗೆಯೇ ಹಿಡಿದಳು. ಒಳಗೆ ಅಂಗಳದ ತುಂಬ ಜನ, ಹುರಿದ ಮೀನಿನ ವಾಸನೆ. ವಿತೊಮಿರ್ ಎದ್ದು ಬಂದ. ತೆಳ್ಳಗಾಗಿದ್ದ. ಅವಳನ್ನು ಹಿತ್ತಲ ಬೆಂಚಿಗೆ ಕರೆದುಕೊಂಡು ಹೋದ. ಬೈಯಲಿ ಎಂದು ಸ್ಮಿಲ್ಯಾ ಮನಸ್ಸಿನಲ್ಲೇ ಬೇಡಿಕೊಂಡಳು.

"ಕೆಲಸ ಹೋಗಿದ್ದಕ್ಕೆ ನಾನೇನೂ ಅನ್ನಲ್ಲ," ಎಂದ ವಿತೊಮಿರ್. "ಮಠದವರ ತೋಟದಲ್ಲಿ ಏನೋ ಒಂದು ಸಿಕ್ಕಿದೆ. ಧಣೀನೇ ಫೋನ್ ಮಾಡಿ ಎಲ್ಲಾ ಹೇಳಿದ್ರು, ನೀನು ಅಂದಿದ್ದೂ ಸೇರಿಸಿ."

"ನಿನ್ನ ಉಳಿಸೋಕೇ ಹಂಗಂದೆ ಕುಮ್. ಮೇಲಿರೋನಾಣೆ."

"ಗೊತ್ತು. ಅದೇ ನಂಗೆ ತಡ್ಕೊಳ್ಳೋಕಾಗದೆ ಇರೋದು. ಹೆದರಿ ಅಂದಿದ್ರೆ, ಬಾಯಿ ತಪ್ಪಿ ಅಂದಿದ್ರೆ ಬೈದು ಮರ್ತುಬಿಡ್ತಿದ್ದೆ. ನೀನು ಅಳೆದು ತೂಗಿ ಅಂದೆ. ನನ್ನ ಹೆಸರು ಪಕ್ಕಕ್ಕಿಟ್ರೆ ನಿನ್ನ ಮಾತಿಗೆ ಬೆಲೆ ಬರತ್ತೆ ಅಂತ ಲೆಕ್ಕ ಹಾಕ್ದೆ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸ್ಮಿಲ್ಯಾ ಕಣ್ಣೊರೆಸಿಕೊಂಡು ಚೀಲದಿಂದ ಕುಪ್ಪಿ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ನೆವೆನ ಮದುವೆ ಗೊತ್ತಾಗಿದೆ."

ವಿತೊಮಿರ್ ಕುಪ್ಪಿಯನ್ನು ತೆಗೆದುಕೊಂಡ. ಅದಕ್ಕೆ ಸುತ್ತಿದ ಹೂವನ್ನು ಬೆರಳಿನಿಂದ ಸರಿಮಾಡಿದ. "ಒಳ್ಳೇ ಹುಡುಗನಾ?" ಎಂದು ಕೇಳಿದ. ಹೌದೆಂದಳು. "ನನ್ನ ತೋಳಲ್ಲಿ ಎತ್ಕೊಂಡ ಕೂಸು. ಚೆನ್ನಾಗಿರ್ಲಿ," ಎಂದ. ಬಿರಡೆ ತೆಗೆಯುತ್ತಾನೆ ಎಂದು ಅವಳು ಉಸಿರು ಹಿಡಿದು ಕಾದಳು. ಅವನು ಕುಪ್ಪಿಯನ್ನು ಹಾಗೆಯೇ ತಿರುಗಿ ಅವಳ ಕೈಗಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ತಾನೇ ಮಡಿಚಿದ.

"ಬೇರೆಯವ್ರನ್ನ ನೋಡ್ಕೊ. ಹಳೇ ಕುಮ್ ಒಪ್ಪಿಗೆ ಇಲ್ದೆ ಹೊಸ ಕುಮ್‌ನ ನಿಲ್ಲಿಸ್ಬಾರ್ದು, ಹುಡುಗಿಗೆ ಒಳ್ಳೇದಾಗಲ್ಲ ಅಂತ ಅಲ್ವಾ? ಅದಕ್ಕೇ ನಾನು ಒಪ್ಪಿಗೆ ಕೊಟ್ಟಿದ್ದೀನಿ. ಯಾರಾದ್ರೂ ಕೇಳಿದ್ರೆ ಹಂಗೇ ಹೇಳು, ಹೆದರ್ಕೋಬೇಡ."

ಅಂಗಳದಿಂದ ಯಾರೋ ಅವನನ್ನು ಕೂಗಿದರು. ವಿತೊಮಿರ್ ಎದ್ದು, "ಮೀನು ಬಿಸಿ ಇದೆ, ಊಟ ಮಾಡ್ಕೊಂಡು ಹೋಗಿ," ಎಂದು ಬಂದ ಅತಿಥಿಗಳಿಗೆಲ್ಲ ಹೇಳುವ ಹಾಗೆ ಹೇಳಿ ಒಳಗೆ ಹೋದ.